ಕತ್ತೆಯ ಓಟು ಮೊದಲು

ಬೆಳಗಿನ ಆರೂಕಾಲು. ಚನ್ನಪಟ್ಟಣದ ಹಳೇ ಓಣಿಯೊಂದರ ತಗಡಿನ ಶೆಡ್ಡಿನಲ್ಲಿ ಲೇಥ್ ಮಿಷನ್ನು ಗುಂಯ್ ಎನ್ನುತ್ತಿದೆ. ಗರಗರ ತಿರುಗುವ ಹಾಲೆಮರದ ತುಂಡಿಗೆ ಗುಲ್ಜಾರ್ ಬೀ ಕೆಂಪು ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಆಮೇಲೆ ಒಂದು ಚೂರು ತಾಳೆಗರಿ ಮಡಿಸಿ ಹಿಡಿದರೆ ಸೈ, ಅಲ್ಲಿಯವರೆಗೂ ಮಂಕಾಗಿದ್ದ ಕೆಂಪು ಫಳಫಳ ಹೊಳೆಯುತ್ತದೆ. ಅದು ಆನೆಯ ಹೊಟ್ಟೆ. ಹೋಗಬೇಕಾಗಿರುವುದು ಅಮೆರಿಕದ ಸೌತ್ ಕೆರೊಲಿನಾ ರಾಜ್ಯಕ್ಕೆ, ಅಲ್ಲಿನ ಓಟಿನ ಹೊತ್ತಿಗೆ.

"ಎಂಟು ಗಂಟೆ ಆದ್ಮೇಲೆ ಕರೆಂಟು ಬತ್ತದೆ, ಹೋಯ್ತದೆ. ಅರಗು ಹಚ್ಚುವಾಗ ಮಿಷನ್ ನಿಂತ್ರೆ ಗಂಟು ಗಂಟಾಗ್ಬುಡ್ತದೆ. ಅದ್ಕೇ ನಮಾಜ್ ಮುಗ್ಸಿ ಸೀದಾ ಬಂದ್ಬುಡ್ತೀನಿ," ಎನ್ನುತ್ತಾರೆ, ಕೆಲಸದಿಂದ ಕಣ್ಣು ತೆಗೆಯದೆ.

ಗುಲ್ಜಾರ್ ಬೀಗೆ ಈಗ ಐವತ್ತೆಂಟು. ಗಂಡ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು. ಹಬೆಯಲ್ಲಿ ನಿಂತು ನಿಂತು ಉಬ್ಬಸ ಹತ್ತಿ ಅವರು ಹಾಸಿಗೆ ಹಿಡಿದಾಗ ಈಕೆಗೆ ಮೂವತ್ತು. ತಂದೆ ಗೊಂಬೆ ಕೆಲಸದವರೇ. ಆದರೆ ಹೆಣ್ಣುಮಕ್ಕಳು ಅಂಟು ಹಚ್ಚಿಕೊಂಡು ಮೂಲೆಯಲ್ಲಿ ಕೂರಬಹುದಿತ್ತೇ ಹೊರತು ಮಿಷನ್ ಮುಟ್ಟುವ ಹಾಗಿರಲಿಲ್ಲ. ಈಕೆ ಮುಟ್ಟಿದರು. ಕಲಿತ ವರ್ಷವೇ ಎಡಗೈ ತೋರುಬೆರಳಿನ ಉಗುರು ಉಳಿಗೆ ಸಿಕ್ಕಿ ಹೋಯಿತು, ಮತ್ತೆ ಬೆಳೆಯಲಿಲ್ಲ. ಅಲ್ಲಿಂದ ಇಪ್ಪತ್ತೆಂಟು ವರ್ಷ, ದಿನಕ್ಕೆ ಹತ್ತು ಗಂಟೆ. ಯಾವ ಗೊಂಬೆಯ ಡಬ್ಬಿಯ ಮೇಲೂ ಅವರ ಹೆಸರಿಲ್ಲ.

ಈ ಆರ್ಡರ್ ಬಂದದ್ದು ನವೆಂಬರಿನಲ್ಲಿ. ಸೌತ್ ಕೆರೊಲಿನಾದ ಕೊಲಂಬಿಯಾ ಊರಲ್ಲಿ ಮಕ್ಕಳ ಆಟದ ಸಾಮಾನಿನ ಅಂಗಡಿ ಇಟ್ಟಿರುವ ಹೆಂಗಸೊಬ್ಬರು ಐನೂರು ನೀಲಿ ಕತ್ತೆ, ಐನೂರು ಕೆಂಪು ಆನೆ ಕೇಳಿದ್ದರು. ಅಲ್ಲಿನ ಎರಡು ದೊಡ್ಡ ಪಕ್ಷಗಳ ಗುರುತು ಅವು. ಅಧ್ಯಕ್ಷರ ಚುನಾವಣೆ ಈ ವರ್ಷದ ಕೊನೆಗಿದೆ. ಆದರೆ ಪಕ್ಷದಿಂದ ಯಾರು ನಿಲ್ಲಬೇಕು ಎನ್ನುವುದಕ್ಕೇ ಅದಕ್ಕೂ ಮೊದಲು ಒಂದೊಂದು ರಾಜ್ಯದಲ್ಲೂ ಜನ ಓಟು ಹಾಕುತ್ತಾರೆ. ಅದಕ್ಕೆ ಪ್ರೈಮರಿ ಎಂದು ಹೆಸರು. ಶೆಡ್ಡಿನ ಮಾಲೀಕ ಮುಷರಫ್ ಅವರ ಮಗಳು, ಬಿ.ಕಾಂ ಓದುತ್ತಿರುವ ಸಾನಾ ಇದನ್ನು ಬಿಡಿಸಿ ಹೇಳಿದಾಗ ಗುಲ್ಜಾರ್ ಬೀ ಮಿಷನ್ನನ್ನೇ ನಿಲ್ಲಿಸಿದರಂತೆ.

"ಅಂದ್ರೆ ಟಿಕೆಟ್ಟಿಗೇ ಓಟಾ? ನಮ್ಮಲ್ಲಿ ಟಿಕೆಟ್ಟು ಮೇಲಿಂದ ಇಳಿದು ಬತ್ತದಲ್ಲ ಬೇಟಾ!"

"ಹೂಂ ಖಾಲಾ, ಅಲ್ಲಿ ಅದನ್ನೂ ಜನಾನೇ ಕೊಡೋದು."

"ಪರವಾಗಿಲ್ವೇ! ಹಂಗಾದ್ರೆ ಎರಡೆರಡು ಸಲ ಬಂದು ಕೈ ಮುಗೀಬೇಕು ಅನ್ನು."

ನಡುವೆ ವ್ಯಾಪಾರಿಗಳಿಲ್ಲದೆ ನೇರವಾಗಿ ಈ ಶೆಡ್ಡಿಗೆ ಬಂದ ಮೊದಲ ಪರದೇಶದ ಆರ್ಡರ್ ಅದು. ಹೊತ್ತಿಗೆ ಸರಿಯಾಗಿ ಮುಟ್ಟಿಸಿದರೆ ವರ್ಷಪೂರ್ತಿ ಕೆಲಸ ಕೊಡುತ್ತೇನೆಂದು ಅಂಗಡಿಯಾಕೆ ಹೇಳಿದ್ದರು. ಇಲ್ಲಿ ದುಡಿಯುವ ಏಳು ಹೆಂಗಸರಿಗೆ ಇನ್ನೇನು ಬೇಕು? ಎಲ್ಲಿಂದ ಶುರು ಮಾಡೋಣ ಎಂದು ಮುಷರಫ್ ಕೇಳಿದ್ದು ಹಿರಿಯರಾದ ಗುಲ್ಜಾರ್ ಬೀಯನ್ನೇ.

ಅವರ ತಂದೆಯ ಕಾಲದ ಒಂದು ಪದ್ಧತಿ ಉಂಟು. ಹೊಸ ಆರ್ಡರಿಗೆ ಕೈ ಹಚ್ಚಿದರೆ ಮಿಷನ್ನಿನಿಂದ ಮೊದಲು ಇಳಿಯಬೇಕಾದದ್ದು ಆನೆ. ಕತ್ತೆಯನ್ನಂತೂ ಆ ಓಣಿಯಲ್ಲಿ ಯಾರೂ ಕಡೆದವರಲ್ಲ. "ಕತ್ತೆ ಮುಖ ನೋಡ್ಕೊಂಡು ಯಾರಾದ್ರೂ ಕೆಲ್ಸ ಸುರು ಮಾಡ್ತಾರಾ? ಆನೆ ಪೂರ್ತಿ ಮುಗೀಲಿ, ಕತ್ತೆ ಆಮೇಲೆ ನೋಡಾನ ಅಂದ್ಬುಟ್ಟೆ." ಎರಡು ಪಕ್ಷದ ಓಟೂ ಒಂದೇ ದಿನ, ನಮ್ಮಲ್ಲಿರುವ ಹಾಗೆ, ಎಂದು ಎಲ್ಲರೂ ತಿಳಿದಿದ್ದರು.

ಜನವರಿ ಹನ್ನೆರಡಕ್ಕೆ ಅಂಗಡಿಯಾಕೆಯ ಫೋನು ಬಂತು: ಕತ್ತೆಗಳು ಹೊರಟವೆ? ಆಗಲೇ ಗೊತ್ತಾದದ್ದು, ಕತ್ತೆ ಪಕ್ಷದ ಓಟು ಫೆಬ್ರವರಿ ಮೂರಕ್ಕೆ, ಆನೆ ಪಕ್ಷದ್ದು ಇಪ್ಪತ್ನಾಲ್ಕಕ್ಕೆ. ಓಟು ಮುಗಿದ ಮೇಲೆ ಕತ್ತೆಯನ್ನು ಯಾರು ಕೇಳುತ್ತಾರೆ? ಹನ್ನೆರಡು ದಿನದೊಳಗೆ ಅವು ವಿಮಾನ ಹತ್ತಬೇಕು. ಶೆಡ್ಡಿನಲ್ಲಿ ಇನ್ನೂರ ಎಂಬತ್ತು ಕೆಂಪು ಆನೆಗಳು ಸಾಲಾಗಿ ನಿಂತಿದ್ದವು. ಇನ್ನೂರಿಪ್ಪತ್ತು ಆನೆಗಳ ಹೊಟ್ಟೆ ಕಡೆದು, ಬಣ್ಣ ಹಚ್ಚದೆ ಬುಟ್ಟಿಯಲ್ಲಿದ್ದವು. ಕತ್ತೆ ಎಂಬುದು ಒಂದೂ ಇರಲಿಲ್ಲ.

"ಮುಷರಫ್ ಸೀದಾ ಮರ ಎಣಿಸಾಕೆ ಹೋದ್ರು. ಬೈದಿದ್ರೇ ಒಸಿ ಸಮಾಧಾನ ಆಗೋದು. ಏಳು ಮನೆ ಕೆಲ್ಸ ನನ್ನ ಒಂದು ಮಾತಿಂದ ಹೋಯ್ತದಲ್ಲಪ್ಪಾ ಅಂತ ಆಗ್ಲೇ ಒಂದು ಕತ್ತೆತಲೆ ಕಡೆಯಾಕೆ ಕೂತೆ."

ಕತ್ತೆಯೊಂದಕ್ಕೆ ಒಂಬತ್ತು ತುಂಡು: ಹೊಟ್ಟೆ, ತಲೆ, ನಾಲ್ಕು ಕಾಲು, ಎರಡು ಕಿವಿ, ಬಾಲ. ಎಷ್ಟು ತಿಣುಕಿದರೂ ದಿನಕ್ಕೆ ಮೂವತ್ತೈದರ ಮೇಲೆ ಆಗದು. ಹೊಟ್ಟೆ ಕಡೆಯುವುದೇ ಅರ್ಧ ಕೆಲಸ. ಗುಲ್ಜಾರ್ ಬೀ ಬುಟ್ಟಿಯ ಕಡೆ ನೋಡಿದರು. ಆನೆಯ ಹೊಟ್ಟೆಯೊಂದನ್ನು ಎತ್ತಿ, ಕಡೆದು ನೋಡಿದ ಕತ್ತೆತಲೆಯನ್ನು ಅದಕ್ಕೆ ಇಟ್ಟು ಹಿಡಿದರು. ಬೈರಾಪಟ್ಟಣದಿಂದ ಮೊದಲ ಬಸ್ಸಿಗೆ ಬಂದು ಕಿವಿ ಜೋಡಿಸುವ ಕೃಷ್ಣಮ್ಮ ಸುಮ್ಮನಿರುವವರಲ್ಲ.

"ಏನ್ ಗುಲ್ಜಾರಕ್ಕ, ಬಸ್ರಿ ಕತ್ತೆನಾ?"

"ನಗು ನಗು. ಹೋದ ಸಲ ಗೆದ್ದ ಪಕ್ಷದ ಕತ್ತೆ ಬಡಕಲಾಗಿರ್ತದಾ? ನೀ ಕಿವಿ ಒಸಿ ಉದ್ದ ಮಾಡು, ಹೊಟ್ಟೆ ಕಣ್ಣಿಗೆ ಬೀಳಾಕಿಲ್ಲ."

ಕದ್ದುಮುಚ್ಚಿ ಕಳಿಸಲು ಮಾತ್ರ ಅವರು ಒಪ್ಪಲಿಲ್ಲ. ನೀಲಿ ಅರಗು ಹಚ್ಚಿದ ಡುಮ್ಮ ಕತ್ತೆಯ ಫೋಟೋ ತೆಗೆಸಿ, ಇನ್ನೂರಿಪ್ಪತ್ತು ಹೀಗಿರುತ್ತವೆ, ಬೇಡವಾದರೆ ಈಗಲೇ ಹೇಳಿ ಎಂದು ಸಾನಾಳಿಂದ ಬರೆಸಿದರು. ಉತ್ತರ ಬರುವವರೆಗೆ ಇಡೀ ಶೆಡ್ಡಿನಲ್ಲಿ ಯಾರಿಗೂ ಟೀ ಸೇರಲಿಲ್ಲ. ನಾಲ್ಕು ಗಂಟೆಗೆ ಸಾನಾ ಮೊಬೈಲ್ ಹಿಡಿದು ಓಡಿ ಬಂದಳು. "ಖಾಲಾ, ಇವೇ ಚೆನ್ನಾಗಿವೆಯಂತೆ! ಮಕ್ಕಳು ದಪ್ಪದ್ದನ್ನೇ ಕೇಳ್ತಾರಂತೆ!"

ಜನವರಿ ಇಪ್ಪತ್ನಾಲ್ಕಕ್ಕೆ ನಾನೂರ ತೊಂಬತ್ತಾರು ಕತ್ತೆಗಳು ವ್ಯಾನು ಹತ್ತಿದವು. ಉಳಿದ ನಾಲ್ಕರ ಕಿವಿಯಲ್ಲಿ ಕೂದಲೆಳೆಯಷ್ಟು ಬಿರುಕು. ಯಾರಿಗೂ ಕಾಣದು ಎಂದು ಮುಷರಫ್ ಹೇಳಿದರೂ ಗುಲ್ಜಾರ್ ಬೀ ಅವನ್ನು ಕಳಿಸಲು ಬಿಡಲಿಲ್ಲ. ಕತ್ತೆಗಳಿಗೆ ಹೋದ ಇನ್ನೂರಿಪ್ಪತ್ತು ಹೊಟ್ಟೆಗಳನ್ನು ಆನೆಗಳಿಗಾಗಿ ಮತ್ತೆ ಕಡೆದದ್ದಾಗಿದೆ. ಇವತ್ತು ಕೊನೆಯ ಹದಿನೆಂಟಕ್ಕೆ ಬಣ್ಣ.

ಕತ್ತೆ ಪಕ್ಷದ ಓಟಿನ ಹಿಂದಿನ ದಿನ ಅಂಗಡಿಯಾಕೆ ಒಂದು ಫೋಟೋ ಕಳಿಸಿದ್ದಾರೆ. ಗಾಜಿನ ಹಿಂದೆ ನೀಲಿ ಕತ್ತೆಗಳ ಸಾಲು, ಮುಂದೆ ಮಕ್ಕಳು. ಮುಂದಿನ ಆರ್ಡರ್ ಏಪ್ರಿಲ್‌ಗೆ ಎಂದೂ ಬರೆದಿದ್ದಾರೆ. ಆ ಓಟಿನಲ್ಲಿ ಗೆದ್ದವರು ಯಾರೆಂದು ಗುಲ್ಜಾರ್ ಬೀ ಇನ್ನೂ ವಿಚಾರಿಸಿಲ್ಲ. ಮತ್ತೆ ಈ ಓಟು ಬರುವುದು ನಾಲ್ಕು ವರ್ಷಕ್ಕೆ ಎಂದರೆ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ.

"ನಂಗಾಗ ಅರವತ್ತೆರಡು. ಕಣ್ಣು ಒಂದು ನೆಟ್ಟಗಿದ್ರೆ ಸಾಕು, ಇನ್ನೇನೂ ಬ್ಯಾಡ. ಆಗ್ಲೂ ಮೊದ್ಲು ಆನೆನೇ ಮಾಡಾದು, ಅಪ್ಪನ ಮಾತು ಬಿಡಾಕಾಯ್ತದಾ?" ಎಂದು ಮಿಷನ್ನಿನ ಗುಂಡಿ ಒತ್ತುತ್ತಾರೆ. "ಆದ್ರೆ ಒಂದೇ ಒಂದು ಆನೆ ಮಾಡಿ ಕತ್ತೆಗೆ ಕೈ ಹಚ್ತೀನಿ."