ಮದ್ದಿಲ್ಲ ಎಂದ ಬಾಯಿ

ನನ್ನ ಹೆಂಡತಿ ಮಾದೇವಿಯ ಕಿವಿಗೆ ಚಿಕಿತ್ಸೆ ಇತ್ತು. ಇಲ್ಲವೆಂದು ನಾನು ಸುಳ್ಳು ಹೇಳಿದೆ.

ಮುಟ್ಟಳ್ಳಿಯಲ್ಲಿ ತೆಂಗಿನಮರ ಹತ್ತಿ ಕಾಯಿ ಕೊಯ್ಯುವುದು ನನ್ನ ಕೆಲಸ. ಮಳೆಗಾಲದಲ್ಲಿ ಮರ ಜಾರುತ್ತದೆ, ಹತ್ತಬೇಡ ಎಂದು ಊರೆಲ್ಲ ಬೈದರೂ ಹತ್ತಿದವನು. ನನ್ನ ಜೀವ ತಾನೇ, ಯಾರನ್ನು ಕೇಳಬೇಕು — ಅಂಥ ಸೊಕ್ಕು. ಮಾದೇವಿ ಭತ್ತದ ಸಸಿ ನೆಡುವ ನೆಟ್ಟಿಗೆ ಹೋಗುತ್ತಿದ್ದಳು. ಗದ್ದೆಯಲ್ಲಿ ಪದ ಎತ್ತಿಕೊಡುವವಳು ಅವಳೇ. ಅವಳು ಒಂದು ಸಾಲು ಹಾಡಬೇಕು, ಉಳಿದ ಹೆಂಗಸರು ಅದನ್ನೇ ತಿರುಗಿ ಹಾಡಬೇಕು, ಆಮೇಲೆ ಮುಂದಿನ ಸಾಲು. ಕಿವಿ ಮಂದವಾಗುತ್ತ ಬಂದ ಹಾಗೆ, ಅವರು ಮುಗಿಸುವ ಮೊದಲೇ ಇವಳು ಮುಂದಿನ ಸಾಲು ಎತ್ತತೊಡಗಿದಳು. ಮೊದಮೊದಲು ನಕ್ಕರು. ಆಮೇಲೆ ಪದ ಬೇರೆಯವರ ಪಾಲಾಯಿತು.

ಕುಮಟಾದ ಕಿವಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಮುಗಿದು ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರು ನನಗೆ ಹೇಳಿದರು: "ಆಪರೇಶನ್ ಮಾಡಿದ್ರೆ ಹೆಚ್ಚಿನವರಿಗೆ ಕೇಳ್ತದೆ. ಕೆಲವರಿಗೆ ಇದ್ದದ್ದೂ ಹೋಗ್ತದೆ. ಅವರನ್ನೇ ಕೇಳಿ ತಿಳಿಸಿ."

ಹೊರಗೆ ಬಂದೆ. "ಎಂತ ಅಂದ್ರು?" ಎಂದಳು. ಮರದ ತುದಿಯಿಂದ ಕೆಳಗೆ ನೋಡಲು ಅಂಜದವನು, ಅವಳ ಮುಖದಿಂದ ಕಣ್ಣು ತಪ್ಪಿಸಿದೆ.

"ಮದ್ದಿಲ್ಲಂತೆ," ಎಂದೆ.

ಹೆಂಗಸು, ಹೆದರುತ್ತಾಳೆ, ಅವಳ ಪರವಾಗಿ ನಾನೇ ಯೋಚಿಸಿದ್ದು ಒಳ್ಳೆಯದಾಯಿತು — ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಮರ ಹತ್ತುವವನಿಗೆ ಮಗಳನ್ನು ಹೇಗೆ ಕೊಡುವುದು, ಬಿದ್ದರೆ ಗತಿಯೇನು ಎಂದು ಅವಳ ಅಪ್ಪ ಹಿಂದೇಟು ಹಾಕಿದಾಗ, "ಬಿದ್ರೆ ನಾ ನೋಡ್ಕಂತೆ" ಎಂದು ನನ್ನನ್ನು ಕಟ್ಟಿಕೊಂಡವಳು ಅವಳು. ಹೆದರಿದ್ದು ನಾನು. ಅವಳನ್ನು ಒಂದು ಮಾತು ಕೇಳಿದ್ದರೆ —

ವರ್ಷಗಳು ಕಳೆದವು; ಈಗ ಇದ್ದ ಕಿವಿಯೂ ಪೂರ್ತಿ ಹೋಗಿದೆ. ಆಪರೇಶನ್ನಿಗೂ ಕಾಲ ಮೀರಿತಂತೆ. ನನ್ನ ತುಟಿ ನೋಡಿಯೇ ಅವಳಿಗೆ ಲೋಕದ ಸುದ್ದಿ. ನೆಟ್ಟಿ ನಡೆಯುವಾಗ ಗದ್ದೆಯಂಚಿನಲ್ಲಿ ಕೂತು, "ಯಾವ ಪದ ಅದು?" ಎಂದು ಕೇಳುತ್ತಾಳೆ. ಹೇಳುತ್ತೇನೆ. ನಂಬುತ್ತಾಳೆ. ಮನೆಯಲ್ಲಿ ನಾವಿಬ್ಬರೇ, ಅವಳು ಅತ್ತ ತಿರುಗಿದರೆ ನಾನೊಬ್ಬನೇ. ಅವಳ ಬೆನ್ನ ಹಿಂದೆ ನಿಂತು ಈ ಸತ್ಯವನ್ನು ಎಷ್ಟೋ ಸಲ ಗಟ್ಟಿಯಾಗಿ ಹೇಳಿದ್ದೇನೆ — ಕೇಳಿಸುವುದಿಲ್ಲ ಎಂಬ ಧೈರ್ಯದಿಂದ. ಅದಕ್ಕಿಂತ ಹೇಡಿತನ ಇನ್ನೇನಿದೆ?

ಮೀಸೆಯಿಂದಾಗಿ ನನ್ನ ತುಟಿ ಸರಿಯಾಗಿ ಕಾಣುವುದಿಲ್ಲ ಎಂಬುದು ಅವಳ ಹಳೆಯ ದೂರು. ಇವತ್ತು ಬೋಳಿಸಿಕೊಂಡು ಬಂದೆ. ನೋಡಿ ನಕ್ಕಳು.

"ಮೀಸೆ ಎಂತಕ್ಕೆ ತೆಗ್ದ್ರಿ?"

ಬೆಳಕಿಗೆ ಮುಖ ಮಾಡಿ ಅವಳೆದುರು ಕೂತಿದ್ದೇನೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಾಳೆ.