ಆರಿದ್ರಾ ಮಳೆಯಲ್ಲಿ ಒಣಗಿದ ಬಣ್ಣ

ನನ್ನ ತಮ್ಮನ ಬಲಗೈ ಮಣಿಕಟ್ಟಿನಿಂದ ಜೋತು ಬಿತ್ತು. ನಾನು ಕೆಲಸಕ್ಕಿದ್ದ ಬಣ್ಣದ ಅಂಗಡಿಯ ಸಾಹುಕಾರರ ಕೈಯೂ ಹಾಗೇ ಬೀಳಲಿ ಎಂದು ಹೊರನಾಡಿನ ದೇವಸ್ಥಾನಕ್ಕೆ ಹೋಗಿ ಬೇಡಿಕೊಂಡು ಬಂದವಳು ನಾನು. ಅನ್ನ ಕೊಡುವ ತಾಯಿಯ ಮುಂದೆ ನಿಂತು ಹಾಗೆಲ್ಲ ಬೇಡಬಾರದು ಎಂದು ಗೊತ್ತಿತ್ತು. ಆದರೂ ಬೇಡಿದೆ. ಪ್ರಸಾದದ ಊಟ ಮಾಡಿಯೇ ಬಸ್ಸು ಹತ್ತಿದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತೋಟದಲ್ಲಿ ಕಾಫಿ ಕುಯ್ದು, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಕಳೆ ತೆಗೆದು, ಕಾಲಿನ ಜಿಗಣೆ ಕೀಳುತ್ತಾ ಬೆಳೆದವಳಿಗೆ ಮೂಡಿಗೆರೆ ಪೇಟೆಯಲ್ಲಿ ಈ ಕೆಲಸ ಸಿಕ್ಕಿತು. ಕೂರಲು ಕುರ್ಚಿ, ತಲೆಯ ಮೇಲೆ ಸೂರು. ಅಂಗಡಿಯ ಮುಂಭಾಗದಲ್ಲಿ ದೊಡ್ಡ ಕಂಪನಿಯ ಡಬ್ಬಿಗಳು. ಹಿಂದಿನ ಕೋಣೆಯಲ್ಲಿ ಹೆಸರಿಲ್ಲದ ಡ್ರಮ್ಮುಗಳಲ್ಲಿ ಬರುತ್ತಿದ್ದ ಎಣ್ಣೆ ಬಣ್ಣ. ಅದನ್ನು ಸಣ್ಣ ಡಬ್ಬಿಗಳಿಗೆ ತುಂಬುವುದು ನನ್ನ ಕೆಲಸ. ತುಂಬುವ ಮೊದಲು ಸಾಹುಕಾರರು ಒಂದು ಕ್ಯಾನಿನಿಂದ ಡ್ರೈಯರ್ ಸುರಿಯುತ್ತಿದ್ದರು. ಬಣ್ಣ ಬೇಗ ಒಣಗಿಸುವ ದ್ರವ ಅದು. ನಮ್ಮ ಮಳೆಗಾಲದಲ್ಲಿ ಕಿಟಕಿಗೆ ಹಚ್ಚಿದ ಬಣ್ಣ ಮಾರನೆಯ ದಿನವೂ ಕೈಗೆ ಅಂಟುತ್ತದೆ. ಸಾಹುಕಾರರ ಬಣ್ಣ ಮಾತ್ರ ಬೆಳಿಗ್ಗೆ ಹಚ್ಚಿದರೆ ಸಂಜೆಗೆ ಒಣಗುತ್ತಿತ್ತು. ಕಳಸದಿಂದಲೂ ಜೀಪಿನಲ್ಲಿ ಬಂದು ಒಯ್ಯುತ್ತಿದ್ದರು.

ಒಂದು ದಿನ ಕಂಪನಿಯ ಸೇಲ್ಸಿನವನು ಹಿಂದಿನ ಕೋಣೆಗೆ ಇಣುಕಿ ಆ ಕ್ಯಾನನ್ನು ನೋಡಿದ.

"ಸಾವ್ಕಾರ್ರೇ, ಇದು ಸೀಸದ ಡ್ರೈಯರ್ ಅಲ್ವಾ? ಈಗ ಇದು ಹಾಕೋ ಹಾಗಿಲ್ಲ. ಹತ್ತು ಲಕ್ಷ ಪಾಲಿಗೆ ತೊಂಬತ್ತು ಪಾಲಿಗಿಂತ ಜಾಸ್ತಿ ಸೀಸ ಇರಬಾರದು ಅಂತ ಕಾನೂನಿದೆ. ಡಬ್ಬಿ ಮೇಲೂ ಬರೀಬೇಕು. ಮಕ್ಕಳ ತಲೆಗೇ ಹೊಡೆಯುತ್ತೆ ಇದು."

"ದಿಲ್ಲೀಲಿ ಕೂತು ಕಾನೂನು ಬರೆದವ್ರಿಗೆ ನಮ್ಮ ಆಷಾಢ ಗೊತ್ತುಂಟಾ ಮಾರಾಯ? ಬರೀಬೇಕು ಅಂದ್ರೆ ಬರೆಸ್ತೀನಿ ಬಿಡು," ಎಂದರು ಸಾಹುಕಾರರು.

ಬರೆಸಿಯೇ ಬಿಟ್ಟರು. ಹಸಿರು ಎಲೆಯ ಚಿತ್ರವಿದ್ದ ಸ್ಟಿಕರು, ಅದರಲ್ಲಿ 'ಸೀಸ ಸೇರಿಸಿಲ್ಲ' ಎಂಬ ಮಾತು. ಕ್ಯಾನು ಅದೇ, ಡ್ರಮ್ಮು ಅದೇ. ಸ್ಟಿಕರು ಅಂಟಿಸಿದ್ದು ನಾನು. ಮೂಲೆ ಏಳದಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತಿದ್ದೆ.

ನನ್ನ ತಮ್ಮ ಪೇಂಟರ್. ತೋಟದ ಬಂಗಲೆಗಳ ಬಾಗಿಲು, ಕಿಟಕಿ, ಕೂಲಿಯವರ ಲೈನ್ ಮನೆಗಳ ಕದ ಎಲ್ಲ ಅವನ ಕೈಯಿಂದಲೇ ಆಗಬೇಕಿತ್ತು. ಅವನಿಗೆ ಡಬ್ಬಿ ತಂದುಕೊಡುತ್ತಿದ್ದವಳೂ ನಾನೇ. ಹಳೆಯ ಬಣ್ಣ ಉಜ್ಜಲು ವಾಟರ್ ಪೇಪರ್ ಎಂಬ ಕಾಗದವಿದೆ, ನೀರು ಹಾಕಿಕೊಂಡೇ ಉಜ್ಜಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಯಾರೂ ನೀರು ಹಾಕುವುದಿಲ್ಲ, ಮರ ಒಣಗುವುದಿಲ್ಲವಲ್ಲ. ಎರಚಲು ಬರದಂತೆ ಕಿಟಕಿ ಮುಚ್ಚಿಕೊಂಡು ನೀರಿಲ್ಲದೆಯೇ ಉಜ್ಜುತ್ತಾರೆ. ಹೋದ ವರ್ಷ ತಾನೇ ಹಚ್ಚಿದ್ದ ಸಾಹುಕಾರರ ಬಣ್ಣವನ್ನು ಈ ವರ್ಷ ತಾನೇ ಉಜ್ಜಿ, ಅದರ ಮೇಲೆ ಮತ್ತೆ ಅದನ್ನೇ ಹಚ್ಚುತ್ತಿದ್ದ. ಸಂಜೆ ರೆಪ್ಪೆಯ ತುದಿಯವರೆಗೂ ಧೂಳು ಮೆತ್ತಿಕೊಂಡು ಬರುತ್ತಿದ್ದ.

"ಪೌಡರ್ ಹಚ್ಕೊಂಡು ಎಲ್ಲಿಗೆ ಮದುಮಗ?" ಎಂದು ನಾನು ಛೇಡಿಸುತ್ತಿದ್ದೆ.

"ನಿನ್ನ ಸಾವ್ಕಾರ್ರ ಬಣ್ಣದ ಜೊತೆ ಲಗ್ನ ಆಗಿದೆ ಮಾರಾಯ್ತಿ," ಎನ್ನುತ್ತಿದ್ದ.

ಆ ಧೂಳಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಹೇಳಿದರೆ ಅವನು ಸುಮ್ಮನಿರುವವನಲ್ಲ, ನೇರ ಅಂಗಡಿಗೆ ಬರುತ್ತಾನೆ, ನಾನು ಮತ್ತೆ ಕೊಪ್ಪೆ ಹಾಕಿಕೊಂಡು ಜಿಗಣೆಯ ನಡುವೆ ನಿಲ್ಲಬೇಕು. ಅದಕ್ಕೇ ಹೇಳಲಿಲ್ಲ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಮೊದಲು ಹೊಟ್ಟೆ ಹಿಂಡುವ ನೋವು ಬಂತು. ಗ್ಯಾಸು ಎಂದು ಕಷಾಯ ಕುಡಿಸಿದೆವು. ಆಮೇಲೆ ಒಂದು ದಿನ ಬ್ರಷ್ಷು ಕೈಯಿಂದ ಜಾರಿತು, ಎತ್ತಲು ಹೋದರೆ ಮಣಿಕಟ್ಟು ಏಳಲಿಲ್ಲ. ಚಿಕ್ಕಮಗಳೂರಿನ ಡಾಕ್ಟರು ರಕ್ತವನ್ನು ಮಂಗಳೂರಿಗೆ ಕಳಿಸಿ, ಮೈಯಲ್ಲಿ ಸೀಸ ಸೇರಿದೆ ಎಂದರು. ಎಲ್ಲಿಂದ ಬಂತು ಎಂದು ಕೇಳಿದಾಗ ತಮ್ಮನೇ ಹೇಳಿದ: "ಇಂಗ್ಲಿಷರ ಕಾಲದ ಬಂಗ್ಲೆ ಒಂದು ಉಜ್ಜಿದ್ದೆ ಸಾರ್. ಹಳೇ ಬಣ್ಣ."

"ಹೌದು, ಅಲ್ಲಿಂದಲೇ ಇರಬೇಕು," ಎಂದೆ ನಾನು. ಸತ್ತುಹೋದ ಇಂಗ್ಲಿಷರ ತಲೆಗೆ ಕಟ್ಟಿ ಮನೆಗೆ ಬಂದೆ.

ಈ ವರ್ಷ ಸಾಹುಕಾರರ ಮಗಳು ಹೆರಿಗೆಗೆ ಬಂದಿದ್ದಳು. ಗಂಡು ಮಗು. ನಾಮಕರಣಕ್ಕೆ ಮನೆತನದ ಹಳೆಯ ತೊಟ್ಟಿಲಿಗೆ ಕೆಂಪು ಬಣ್ಣ ಆಗಬೇಕಿತ್ತು.

"ನಿನ್ನ ತಮ್ಮನಿಗೇ ಕೊಡೋಣ. ಪಾಪ, ಕೂತು ಎಡಗೈಯಲ್ಲಿ ಮಾಡ್ಬಹುದು," ಎಂದ ಸಾಹುಕಾರರು, ನಾನು ಹಿಂದಿನ ಕೋಣೆಯ ಕಡೆ ತಿರುಗಿದ್ದನ್ನು ನೋಡಿ ಕೂಗಿದರು, "ಏಯ್, ನಮ್ದು ಬೇಡ ಕಣೆ. ಮುಂದೆ ಇರೋ ಕಂಪನಿ ಡಬ್ಬಿ ತಗೋ."

"ಯಾಕೆ ಸಾವ್ಕಾರ್ರೇ, ನಮ್ದು ಬೇಗ ಒಣಗುತ್ತಲ್ಲ?"

"ಮಗು ಬಾಯಿ ಹಾಕುತ್ತೆ."

ಅಷ್ಟೇ ಅಂದರು, ಬೇರೆ ಗಿರಾಕಿಯ ಕಡೆ ತಿರುಗಿದರು. ಆವರೆಗೆ ಅವರಿಗೂ ಪೂರ್ತಿ ತಿಳಿದಿಲ್ಲವೇನೋ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಹಾಗೆ ಹೇಳಿಕೊಳ್ಳಲು ಆಗಲಿಲ್ಲ. ಅವರ ಮೊಮ್ಮಗುವಿಗೆ ಬಾಯಿದೆ, ನನ್ನ ತಮ್ಮನಿಗೆ ಇರಲಿಲ್ಲವೇ? ಅವರು ಊಟಕ್ಕೆ ಹೋದಾಗ ಕಂಪನಿ ಡಬ್ಬಿಯ ಬಣ್ಣ ಬೇರೆ ಕಡೆ ಸುರಿದು, ಅದಕ್ಕೆ ಡ್ರೈಯರ್ ಬೆರೆಸಿದ್ದ ನಮ್ಮ ಡ್ರಮ್ಮಿನ ಕೆಂಪು ತುಂಬಿದೆ. ನೆಕ್ಕಲಿ, ಅಂದುಕೊಂಡೆ. ಮುಚ್ಚಳವನ್ನು ಮೊದಲಿನ ಹಾಗೇ ಒತ್ತಿ ಮುಚ್ಚಿದೆ. ಆ ಬಣ್ಣವನ್ನು ಹಚ್ಚುವ ಕೈ ಯಾರದು ಎಂಬುದು ಮಾತ್ರ, ದೇವರಾಣೆ, ಆಗ ನನ್ನ ತಲೆಗೆ ಬರಲಿಲ್ಲ.

ಆರಿದ್ರಾ ಮಳೆ ಹಿಡಿದಿತ್ತು. ತಮ್ಮ ಬೆಳಿಗ್ಗೆಯಿಂದ ನಮ್ಮ ಮನೆಯ ಜಗಲಿಯಲ್ಲಿ ಕೂತು ಎಡಗೈಯಲ್ಲಿ ನಿಧಾನವಾಗಿ ಹಚ್ಚಿದ. ಎಷ್ಟೋ ತಿಂಗಳ ಮೇಲೆ ಸಿಕ್ಕಿದ ಕೆಲಸ, ಶಿಳ್ಳೆ ಹಾಕುತ್ತಿದ್ದ. ನಾನು ಅಂಗಡಿಯಿಂದ ಬರುವಾಗ ಶಿಳ್ಳೆ ನಿಂತಿತ್ತು.

"ಅಕ್ಕ, ಇಲ್ಲಿ ಬೆರಳಿಡು."

ಇಟ್ಟೆ. ಒಣಗಿತ್ತು.

"ಈ ಮಳೇಲಿ ಕಂಪನಿ ಬಣ್ಣ ನಾಳೆ ಮಧ್ಯಾಹ್ನದ ತನಕ ಅಂಟ್ಬೇಕು. ಇಷ್ಟು ಬೇಗ ಒಣಗೋದು ಒಂದೇ ಬಣ್ಣ. ಡಬ್ಬಿ ಬದ್ಲಾಯ್ಸಿದ್ದು ಯಾರು?"

"ನಾನೇ."

"ಯಾಕೆ?"

"ಅವರ ಮನೆಯೂ ಅಳಲಿ ಅಂತ. ಅದರಲ್ಲಿ ಸೀಸ ಇದೆ. ಮೊಮ್ಮಗುವಿಗೆ ಮಾತ್ರ ಅದು ಬೇಡವಂತೆ ಅವರಿಗೆ."

ಅವನು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಸೀಸ ಇರೋದು ನಿಂಗೆ ಯಾವಾಗಿಂದ ಗೊತ್ತು?"

ನಾನು ಡಬ್ಬಿಯ ಮುಚ್ಚಳ ಹುಡುಕತೊಡಗಿದೆ. ಅವನಿಗೆ ಅಷ್ಟು ಸಾಕಾಯಿತು.

"ಡಾಕ್ಟ್ರ ಹತ್ರ ನಾನು ಬಂಗ್ಲೆ ಅಂದಾಗ ಹೌದು ಅಂದೆಯಲ್ಲ. ನಾನೂ ನಂಬಿದ್ದೆ," ಎಂದ. ಆಮೇಲೆ ತೊಟ್ಟಿಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. "ಆ ಕೂಸಿಗೆ ಇನ್ನೂ ಹೆಸರೇ ಇಟ್ಟಿಲ್ಲ. ಇದನ್ನ ನೀನೇ ಉಜ್ಜು. ನೀರು ಹಾಕಿ ಉಜ್ಜು, ಮಾರಾಯ್ತಿ. ಧೂಳು ಏಳಬಾರದು."

ನೀರು ಹಾಕು ಎಂಬ ಒಂದು ಮಾತನ್ನು ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬರೀ ಮರ ಕಾಣುವವರೆಗೆ ಉಜ್ಜಿದೆ. ಕೆಂಪು ರಾಡಿಯನ್ನೆಲ್ಲ ಒಂದು ಡಬ್ಬಿಗೆ ಬಳಿದು ಮುಚ್ಚಳ ಹಾಕಿದೆ.

ಮಾರನೆಯ ದಿನ ಸಂತೆ. ಗಿರಾಕಿಗಳು ತುಂಬಿದ್ದ ಹೊತ್ತು ನೋಡಿಯೇ ಬರೀ ಮರದ ತೊಟ್ಟಿಲನ್ನು ಅಂಗಡಿಯ ಮೆಟ್ಟಿಲ ಮೇಲೆ ಇಳಿಸಿದೆ.

"ಬಣ್ಣ ಎಲ್ಲೇ?" ಎಂದರು ಸಾಹುಕಾರರು.

"ಮಗು ಬಾಯಿ ಹಾಕುತ್ತೆ ಅಂದ್ರಲ್ಲ, ಅದಕ್ಕೇ ತೆಗೆದೆ. ಇವರ ಮನೆ ಮಕ್ಕಳೂ ಬಾಯಿ ಹಾಕ್ತಾವೆ ಸಾವ್ಕಾರ್ರೇ. ಇವರಿಗೂ ಹೇಳಿ, ಹಿಂದಿನ ಡ್ರಮ್ಮಲ್ಲಿ ಏನಿದೆ ಅಂತ."

ಕೈಯಲ್ಲಿ ಡಬ್ಬಿ ಹಿಡಿದಿದ್ದ ಹೆಂಗಸೊಬ್ಬಳು ಅದನ್ನು ಮೆಲ್ಲನೆ ಮೇಜಿನ ಮೇಲೆ ವಾಪಸ್ ಇಟ್ಟಳು. ಸಾಹುಕಾರರ ಮುಖ ಸುಣ್ಣವಾದದ್ದನ್ನು ನಾನು ಕಣ್ತುಂಬ ನೋಡಿದೆ. ಆಮೇಲೆ ಅವರು ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು, "ಸ್ಟಿಕರ್ ಹಚ್ಚಿದ್ದು ಯಾರ ಕೈ? ಅದನ್ನೂ ಹೇಳು."

"ನಂದೇ. ಅದನ್ನೂ ಹೇಳ್ತೀನಿ."

ಅಲ್ಲಿಂದ ನೇರ ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ಮನೆಯಿಂದ ಚೀಲದಲ್ಲಿ ತಂದಿದ್ದ ತೆರೆಯದ ಡಬ್ಬಿ, ಆ ರಾಡಿ ಎರಡನ್ನೂ ಮಾಲಿನ್ಯ ತಡೆಯುವ ಸರ್ಕಾರಿ ಕಚೇರಿಯ ಮೇಜಿನ ಮೇಲಿಟ್ಟೆ. ಕೇಸು ನಿಮ್ಮ ಮೇಲೂ ಬರಬಹುದಮ್ಮ ಎಂದರು ಅಲ್ಲಿಯ ಮೇಡಂ. ಬರಲಿ ಎಂದೆ. ಸಾಹುಕಾರರೊಬ್ಬರನ್ನೇ ಮುಳುಗಿಸುವ ದಾರಿ ನನಗೆ ಉಳಿದಿರಲಿಲ್ಲ. ಕೊರಳಪಟ್ಟಿ ಹಿಡಿದುಕೊಂಡೇ ಜೊತೆಗೆ ಮುಳುಗುತ್ತೇನೆ, ಬಿಡುವುದಿಲ್ಲ.

ಈಗ ಹಿಂದಿನ ಕೋಣೆಗೆ ಸೀಲು ಬಿದ್ದಿದೆ. ನಾನು ಮತ್ತೆ ತೋಟದ ಕೆಲಸಕ್ಕೆ ಹೋಗುತ್ತೇನೆ. ತಮ್ಮನ ಕೈ ಒಂದಿಷ್ಟು ಏಳುತ್ತದೆ, ಪೂರ್ತಿ ಏಳುವುದಿಲ್ಲ. ನನ್ನ ಜೊತೆ ಬೇಕಾದಷ್ಟೇ ಮಾತು. ಮೊನ್ನೆ ಚಹಾ ಕೊಡುವಾಗ ಕೇಳಿದೆ, "ನನ್ನನ್ನೂ ಸಾವ್ಕಾರ್ರನ್ನೂ ಕೋರ್ಟಿಗೆ ಕರೆದರೆ ನೋಡೋಕೆ ಬರ್ತೀಯಾ?"

ಲೋಟವನ್ನು ಎಡಗೈಗೆ ತೆಗೆದುಕೊಂಡ.

"ಬರ್ತೀನಿ," ಎಂದ. "ಯಾರನ್ನ ನೋಡೋಕೆ ಅಂತ ಮಾತ್ರ ಕೇಳ್ಬೇಡ."