ಅಬ್ಬಾ ತೆರೆದು ನೋಡದ ಒಂದು ದಿನ

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಬೆರಳಿಗೆ ಹತ್ತಿದ ಆ ವಾಸನೆ ನನ್ನನ್ನು ಸೀದಾ ಚಿತ್ರದುರ್ಗದ ನಮ್ಮ ಹಳೆಯ ಮನೆಯ ಮುಂಗೋಣೆಗೆ ಕರೆದೊಯ್ದು ಕೂರಿಸಿತು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆಗ ಅದು ಅಬ್ಬಾನ ಬಂದೂಕು ರಿಪೇರಿ ಅಂಗಡಿ. ಎಣ್ಣೆ, ಉಜ್ಜಿದ ಕಬ್ಬಿಣ, ಬೀಟೆ ಮರದ ಪುಡಿ, ಒಳಗೆ ಕುದಿಯುವ ಅಮ್ಮಿಯ ಚಹಾ, ಎಲ್ಲ ಸೇರಿ ಒಂದೇ ವಾಸನೆ. ಮರದ ಕೆಲಸ ಅಬ್ಬಾನ ತಮ್ಮನದು, ನನ್ನ ಚಾಚಾನದು. ಹಿಡಿಕೆ ಕೆತ್ತುವುದರಲ್ಲಿ ಅವನದು ಎತ್ತಿದ ಕೈ. ಉಳಿದ ಚೂರುಗಳಲ್ಲಿ ನನಗೆ ಹಕ್ಕಿ ಮಾಡಿಕೊಡುತ್ತಿದ್ದ. ಅವುಗಳ ಕೊಕ್ಕು ಮಾತ್ರ ಯಾಕೋ ಯಾವಾಗಲೂ ಗಿಣಿಯದೇ ಆಗಿಬಿಡುತ್ತಿತ್ತು.

ಇಷ್ಟು ಪುಕ್ಕಲ ಬಂದೂಕಿನವನನ್ನು ಎಲ್ಲೂ ಕಂಡಿಲ್ಲ ಎಂದು ಅಮ್ಮಿ ಅಬ್ಬಾನನ್ನು ಕಿಚಾಯಿಸುತ್ತಿದ್ದಳು. ರಿವಾಲ್ವರ್ ತಂದವರೆಲ್ಲ ಖಾಲಿ ಇದೆ ಎಂದೇ ಕೊಡುವವರು. ಅಬ್ಬಾ ಯಾರನ್ನೂ ನಂಬುತ್ತಿರಲಿಲ್ಲ. ನಳಿಗೆಯ ಬಾಯನ್ನು ಮೂಲೆಯ ಮರಳು ಚೀಲದ ಕಡೆ ತಿರುಗಿಸಿ, ಟ್ರಿಗರಿನಿಂದ ಬೆರಳು ದೂರವಿಟ್ಟು, ಗುಂಡು ಕೂರುವ ಉರುಳೆಯನ್ನು ಹೊರಗೆ ತೆಗೆದು, ಆರೂ ಕಂಡಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಮೇಲೆಯೇ ಅದು ಚಾಚಾನ ಕೈಗೆ. ಗುಂಡಿಗೆ ಬಡಿಯುವ ಸುತ್ತಿಗೆಯ ಎದುರಿನ ಕಂಡಿ ಖಾಲಿ ಇದ್ದರೆ ಭಯವಿಲ್ಲ ಎಂದುಕೊಂಡವರಿಗಂತೂ ಒಂದು ಪಾಠವೇ ಆಗುತ್ತಿತ್ತು: ಟ್ರಿಗರ್ ಒತ್ತಿದೊಡನೆ ಉರುಳೆ ತಿರುಗುತ್ತದೆ, ಪಕ್ಕದ ಗುಂಡು ಎದುರಿಗೆ ಬಂದು ನಿಲ್ಲುತ್ತದೆ. ಉರುಳೆಯ ಮುಂದಕ್ಕೆ ಬೆರಳು ಚಾಚಿ ಹಿಡಿದು, ಉರುಳೆಗೂ ನಳಿಗೆಗೂ ನಡುವಿನ ಸಂದಿನಿಂದ ನುಗ್ಗಿದ ಬೆಂಕಿಗೆ ಹೆಬ್ಬೆರಳು ಸುಟ್ಟುಕೊಂಡು ಬಂದ ಒಬ್ಬ ದೊಡ್ಡ ಮನುಷ್ಯನನ್ನು ಶಾಲೆ ಹುಡುಗನಂತೆ ಗದರಿದ್ದು ನನಗೆ ಈಗಲೂ ನೆನಪಿದೆ.

ಒಬ್ಬರನ್ನು ಮಾತ್ರ ಅಬ್ಬಾ ಗದರಲಾರ. ಅವರು ಹರಿಯಬ್ಬೆ ಕಡೆಯ ಗೌಡರು. ಅಂಗಡಿಯ ಲೈಸೆನ್ಸಿಗೆ ಓಡಾಡುತ್ತಿದ್ದಾಗ ಕಚೇರಿಗೆ ತಾವೇ ಬಂದು, ಈತ ನಂಬಿಕಸ್ಥ ಎಂದು ಹೇಳಿದವರು. ಒಂದು ದಿನ ಬೆಳಿಗ್ಗೆ ರಿವಾಲ್ವರ್ ಹಿಡಿದು ಬಂದರು. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿದ್ದೆ.

"ಖಾಲಿ ಐತೆ ಸಾಬ್ರೆ, ಗುಂಡೆಲ್ಲ ನಾನೇ ತೆಗ್ದೀನಿ. ಟ್ರಿಗರ್ ಬಿಗಿ ಬರ್ತೈತೆ, ನೋಡ್ರಿ."

"ಕುಂತ್ಕಳ್ರಿ ಗೌಡ್ರೆ," ಎಂದ ಅಬ್ಬಾ. ಅವನ ಹೆಬ್ಬೆರಳು ಉರುಳೆಯ ಚಿಲಕದ ಮೇಲೆ ಹೋದದ್ದನ್ನು ನಾನು ನೋಡಿದೆ. ಅಲ್ಲೇ ನಿಂತದ್ದನ್ನೂ ನೋಡಿದೆ. ತನ್ನನ್ನು ನಂಬಿದ ಹಿರಿಯರ ಮಾತನ್ನು ಅವರೆದುರಿಗೇ ಪರೀಕ್ಷಿಸಲು ಅವನಿಗೆ ನಾಚಿಕೆಯಾಯಿತು. ಹಾಗೆಯೇ ಚಾಚಾನ ಕೈಗೆ ಕೊಟ್ಟುಬಿಟ್ಟ. ಚಾಚಾ ನಳಿಗೆಯ ತುದಿಯನ್ನು ಎಡ ಅಂಗೈಗೆ ಆನಿಸಿಕೊಂಡು, ಎಷ್ಟು ಬಿಗಿ ಎಂದು ನೋಡಲು ಟ್ರಿಗರ್ ಒತ್ತಿದ.

ಗೌಡರು ಐದು ತೆಗೆದಿದ್ದರು. ಒಂದು ಜಿಡ್ಡಿಗೆ ಅಂಟಿ ಒಳಗೇ ಉಳಿದಿತ್ತು.

ಎಡಗೈಯ ಎರಡು ಬೆರಳು ಹೋದವು. ಮರವನ್ನು ಹಿಡಿಯುವ ಕೈಯೇ ಹೋದ ಮೇಲೆ ಕೆತ್ತುವ ಕೈಗೆ ಕೆಲಸವೆಲ್ಲಿ? ಆಸ್ಪತ್ರೆಗೆ ಬಂದ ಪೊಲೀಸರು, ಇಷ್ಟು ವರ್ಷದ ಕಸುಬಿನವನು ತೆರೆದು ನೋಡಲಿಲ್ಲವೇಕೆ ಎಂದು ಕೇಳಿದರು. ಚಾಚಾ ಹೇಳಿದ್ದು ಒಂದೇ ಮಾತು.

"ನಮ್ಮಣ್ಣನ ಕೈಯಿಂದ ಬಂದಿತ್ತು ಸಾರ್."

ದೂರು ಹೇಳಿದ್ದರೆ ಅಬ್ಬಾ ಹೇಗೋ ತಡೆದುಕೊಳ್ಳುತ್ತಿದ್ದನೇನೋ. ಆ ಮಾತನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಗೌಡರು ಬಂದು ತಪ್ಪು ತಮ್ಮದೆಂದು ಕಣ್ಣೀರಿಟ್ಟರು, ಅಬ್ಬಾ ಒಪ್ಪಲಿಲ್ಲ. ಅಂಗಡಿ ಮುಚ್ಚಿದ. ಚಾಚಾ ಹಿರಿಯೂರಿಗೆ ಹೋಗಿ ಕಿರಾಣಿ ಅಂಗಡಿ ಇಟ್ಟ. ಮರದ ಪುಡಿಯನ್ನು ಅಮ್ಮಿ ಗುಡಿಸಿದ ದಿನ ಮನೆಯ ವಾಸನೆಯೇ ಹೋಯಿತು.

ಹಬ್ಬಕ್ಕೆ ಚಾಚಾ ತಪ್ಪದೆ ಬರುತ್ತಿದ್ದ. ಅವನಿಗೆ ಏನು ಕೊಡುವುದಿದ್ದರೂ ಅಬ್ಬಾ ಮೊದಲು ತೆರೆದು, ಬೆಳಕಿಗೆ ಹಿಡಿದು, ಒಳಗೆ ನೋಡಿಯೇ ಕೊಡುತ್ತಿದ್ದ. ಎಲೆಅಡಿಕೆ ಡಬ್ಬಿಯಾದರೂ ಅಷ್ಟೆ, ಖಾಲಿ ಲೋಟವಾದರೂ ಅಷ್ಟೆ. ನಮ್ಮ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಚಾಚಾ ನಗದೆ ಕಾಯುತ್ತಿದ್ದ. ಅಬ್ಬಾನ ಕೊನೆಯ ಹಬ್ಬದಲ್ಲಿ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಮ್ಮಿ ಕಟ್ಟಿಕೊಟ್ಟ ಸಿಹಿಯ ಡಬ್ಬಿ ತೆರೆದು, ಬೆರಳಿನಿಂದ ಮೂಲೆ ಮೂಲೆ ಮುಟ್ಟಿ ನೋಡುತ್ತ ಕುಳಿತ. ನೋಡಿ ಮುಗಿಯಲೇ ಇಲ್ಲ. ಚಾಚಾ ಮೂರು ಬೆರಳಿನ ಕೈಯಿಂದ ಅಣ್ಣನ ಮುಂಗೈ ಹಿಡಿದು ಮೆಲ್ಲಗೆ ಬಿಡಿಸಿದ. ಒಳಗೆ ಒಮ್ಮೆಯೂ ನೋಡದೆ ಮುಚ್ಚಳ ಹಾಕಿ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡ. ಮುಚ್ಚಳ ಬಿದ್ದ ಸದ್ದು ಕೇಳಿ ಅಬ್ಬಾ ಅತ್ತ.